ಮೋಟಾರ್ ನಿಲ್ಲಿಸುವ ನಿಯಮ

ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತಿದ ಮೇಲೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಬಂದು, ಅತ್ತಿಗುಪ್ಪೆಯ ಮನೆಗೆ ವಾಪಸ್ ಓಡಿಬರುವ ಪೈಕಿ ನಾನು. ಆಫ್ ಮಾಡಿಯೇ ಇರುತ್ತೇನೆ. ಒಲೆಯ ಮುಂದೆ ನಿಂತು ನಾಬ್‌ಗಳನ್ನೆಲ್ಲ ಮುಟ್ಟಿ ನೋಡಿ, ಬೀಗ ಹಾಕಿ, ಮತ್ತೆ ಸ್ಟೇಷನ್ನಿಗೆ ಬರುವಷ್ಟರಲ್ಲಿ ಬೀಗ ಸರಿಯಾಗಿ ಬಿತ್ತೋ ಇಲ್ಲವೋ ಎಂಬ ಯೋಚನೆ ಶುರುವಾಗಿರುತ್ತದೆ. ಪಿಯು ಕಾಲೇಜಿನಲ್ಲಿ ಇಷ್ಟು ವರ್ಷ ಸಂಭವನೀಯತೆಯ ಪಾಠ ಮಾಡಿ ನಾನು ಕಲಿತದ್ದು ಇಷ್ಟೇ: ಏನು ಬೇಕಾದರೂ ಆಗಬಹುದು. ಆಗಲಿಕ್ಕಿಲ್ಲ ಎಂಬ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಅಕ್ಕ ಹಾಗಲ್ಲ. ನನಗಿಂತ ದೊಡ್ಡವಳು, ಬ್ಯಾಂಕಿನಲ್ಲಿದ್ದು ನಿವೃತ್ತಳಾದವಳು, ಮೂಡಲಪಾಳ್ಯದಲ್ಲಿ ಭಾವನ ಜೊತೆ ಇದ್ದಾಳೆ. ನನಗೆ ಎದೆ ನೋವು ಬಂದಂತಾದರೆ, ಕಾಲೇಜಿನಲ್ಲಿ ಪ್ರಿನ್ಸಿಪಾಲರು ಮುಖ ಗಂಟಿಕ್ಕಿಕೊಂಡಿದ್ದರೆ, ಟಿವಿಯಲ್ಲಿ ಯಾವುದಾದರೂ ಹೊಸ ಜ್ವರದ ಸುದ್ದಿ ಬಂದರೆ ಅವಳಿಗೇ ಫೋನ್ ಮಾಡುತ್ತಿದ್ದೆ. ಎಲ್ಲವನ್ನೂ ಕೇಳಿಸಿಕೊಂಡು, "ಮುಗೀತಾ? ಈಗ ಹೋಗಿ ಒಂದು ಲೋಟ ಕಾಫಿ ಕುಡಿ" ಎಂದು ಇಟ್ಟುಬಿಡುತ್ತಿದ್ದಳು. ಅಷ್ಟಕ್ಕೇ ನನ್ನ ಉಸಿರು ಸರಿಹೋಗುತ್ತಿತ್ತು.

ನಮ್ಮಿಬ್ಬರಿಗೂ ಇದ್ದ ನಿಜವಾದ ಭಯ ಒಂದೇ, ಅದನ್ನು ಮಾತ್ರ ನಾವು ಬಾಯಿಬಿಟ್ಟು ಆಡುತ್ತಿರಲಿಲ್ಲ. ಅಮ್ಮ ಕೊನೆಯ ವರ್ಷಗಳಲ್ಲಿ ನಮ್ಮನ್ನು ಗುರುತು ಹಿಡಿಯುತ್ತಿರಲಿಲ್ಲ. ತಟ್ಟೆಗೆ ರೊಟ್ಟಿ ಹಾಕುತ್ತ, "ನಿಮ್ಮದು ಯಾವೂರಾಯ್ತಮ್ಮ?" ಎಂದು ನಮ್ಮನ್ನೇ ವಿಚಾರಿಸುತ್ತಿದ್ದಳು. ಅದು ರಕ್ತದಲ್ಲಿ ಬರುವಂಥದ್ದು ಎಂದು ಯಾರೋ ಹೇಳಿದ್ದರು. ಬಂದರೆ ಅದು ನನಗೇ ಎಂದು ನಾನು ಖಾತ್ರಿ ಮಾಡಿಕೊಂಡಿದ್ದೆ. ಯಾವ ಕಾಯಿಲೆಯ ಹೆಸರು ಕೇಳಿದರೂ ಅದನ್ನು ಮೊದಲು ನನ್ನ ಮೈಮೇಲೆ ಹಾಕಿಕೊಂಡು ನೋಡುವವಳಲ್ಲವೇ ನಾನು. ವಿದ್ಯಾರ್ಥಿಯ ಹೆಸರು ತಕ್ಷಣ ನಾಲಿಗೆಗೆ ಬರದಿದ್ದರೆ ಇಡೀ ದಿನ ಊಟ ಸೇರುತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ನನ್ನನ್ನು ನಾನೇ ಕಾಯುತ್ತ ಕೂತಿದ್ದೆ, ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

ಆಟದ ಹುಚ್ಚು ಹಿಡಿದದ್ದು ಆ ದಿನಗಳಲ್ಲೇ. ಬಸವೇಶ್ವರನಗರದಲ್ಲಿ ಒಂದು ಬೇಕರಿಯ ಮೇಲಿನ ಹಾಲ್‌ನಲ್ಲಿ ಭಾನುವಾರದ ದಿನ ಒಂದಷ್ಟು ಹುಡುಗ ಹುಡುಗಿಯರು ಸೇರಿ ಬೋರ್ಡ್ ಗೇಮ್ ಆಡುತ್ತಾರೆ. ಕೆಳಗೆ ಪಫ್ಸ್ ತಿನ್ನಲು ಹೋದವಳು ಮೇಲಿಂದ ಬರುತ್ತಿದ್ದ ಗಲಾಟೆ ಕೇಳಿ ಹತ್ತಿಹೋದೆ. ಬೋರ್ಡ್ ಗೇಮ್ ಎಂದರೆ ಚೌಕಾಬಾರ, ಹಾವು ಏಣಿ, ರಜೆಯಲ್ಲಿ ಮಕ್ಕಳ ಜಗಳಕ್ಕೆ ಕಾರಣವಾಗುವ ವ್ಯಾಪಾರದ ಆಟ, ಇಷ್ಟೇ ಎಂದುಕೊಂಡಿದ್ದೆ. ಅಲ್ಲಿ ನೋಡಿದರೆ ಒಂದು ಮೇಜಿನಲ್ಲಿ ದ್ರಾಕ್ಷಿ ತೋಟ ಬೆಳೆಸುತ್ತಿದ್ದಾರೆ, ಇನ್ನೊಂದರಲ್ಲಿ ರೈಲು ಹಳಿ ಹಾಕುತ್ತಿದ್ದಾರೆ, ಮತ್ತೊಂದರಲ್ಲಿ ನಾಲ್ಕು ಜನ ಸೇರಿ ಮುಳುಗುತ್ತಿರುವ ದ್ವೀಪವನ್ನು ಉಳಿಸುತ್ತಿದ್ದಾರೆ. ಕೆಲವರು ತಾವೇ ಆಟಗಳನ್ನು ಕಟ್ಟುತ್ತಿದ್ದರು. ಜೆರಾಕ್ಸ್ ಅಂಗಡಿಯಲ್ಲಿ ಕಾರ್ಡುಗಳನ್ನು ಪ್ರಿಂಟ್ ಹಾಕಿಸಿ, ಕತ್ತರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ತೂರಿಸಿ ತರುತ್ತಿದ್ದರು. ಎಲ್ಲರೂ ನನ್ನನ್ನು ಆಂಟಿ ಅಂದರು. ಮೊದಲ ದಿನ ಸಿಟ್ಟು ಬಂತು, ಎರಡನೇ ಭಾನುವಾರ ನಾನೇ ಮೊದಲು ಹೋಗಿ ಕೂತಿದ್ದೆ.

ಸ್ವಲ್ಪ ದಿನದಲ್ಲಿ ನನಗೂ ಒಂದು ಆಟ ಕಟ್ಟುವ ಆಸೆಯಾಯಿತು. ಯಾವುದರ ಮೇಲೆ ಎಂದು ಹುಡುಕಬೇಕಾಗಲಿಲ್ಲ. ನಮ್ಮ ಕಡೆ ಬೆಳಗಾದರೆ ಜನ ಮಾತಾಡುವುದು ಕಾವೇರಿ ನೀರು ಬಂತೋ ಇಲ್ಲವೋ ಎಂದು ತಾನೇ. ಹಾಗಾಗಿ ನನ್ನ ಆಟದಲ್ಲಿ ಒಂದು ಬೀದಿ, ಒಬ್ಬೊಬ್ಬ ಆಟಗಾರರಿಗೆ ಒಂದೊಂದು ಮನೆ. ನೀರು ಬಂದಾಗ ನೆಲದಡಿಯ ಸಂಪ್ ತುಂಬಿಸಿಕೊಳ್ಳಬೇಕು. ಮೋಟಾರ್ ಹಾಕಿ ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸಬೇಕು. ಕಾರ್ಡು ಎತ್ತಿದರೆ ಸ್ನಾನ, ಬಟ್ಟೆ, ಹಬ್ಬ, ಹೇಳದೆ ಕೇಳದೆ ಬಂದ ನೆಂಟರು, ಎಲ್ಲದಕ್ಕೂ ಟ್ಯಾಂಕಿನಿಂದ ನೀರು ಕೊಡಬೇಕು. ಇಡೀ ಆಟ ನಿಂತಿದ್ದು ಒಂದು ನಿಯಮದ ಮೇಲೆ. ಮೋಟಾರ್ ಹಾಕಿದವರು ತಮ್ಮ ಮುಂದಿನ ಸರದಿ ಬಂದ ಕೂಡಲೇ, ಬೇರೇನೂ ಮಾಡುವ ಮೊದಲು, ಅದನ್ನು ನಿಲ್ಲಿಸಬೇಕು. ಮರೆತರೆ ಟ್ಯಾಂಕ್ ತುಂಬಿ ಹರಿಯುತ್ತದೆ. ನಿಜವಾದ ಬೀದಿಯಲ್ಲಿ ಅದು ಚರಂಡಿ ಪಾಲು; ನನ್ನ ಆಟದಲ್ಲಿ ಟ್ಯಾಂಕಿನ ನೀರಷ್ಟೂ, ಅಂದರೆ ಅದರಲ್ಲಿರುವ ನೀಲಿ ಕಾಯಿಗಳೆಲ್ಲ, ಎಡಗಡೆಯ ಮನೆಯವರಿಗೆ ಸೇರುತ್ತವೆ.

ಅದನ್ನು ಮೊದಲು ಆಡಿಸಿದ್ದು ಅಕ್ಕನ ಹತ್ತಿರ. ಚಿಕ್ಕವರಿದ್ದಾಗ ಚೌಕಾಬಾರದಲ್ಲಿ ಅವಳು ನನ್ನನ್ನು ಅಳಿಸದೆ ಬಿಟ್ಟ ದಿನ ಇಲ್ಲ. ನನ್ನ ಕಾಯಿ ಇನ್ನೇನು ಹಣ್ಣಾಗಬೇಕು ಅನ್ನುವಾಗ ಎಲ್ಲಿಂದಲೋ ಬಂದು ಕಡಿಯುತ್ತಿದ್ದಳು. ಕವಡೆ ಎಸೆಯುವ ಮೊದಲೇ ಯಾವ ಮನೆಗೆ ಎಷ್ಟು ಬೇಕು ಎಂಬ ಲೆಕ್ಕ ಅವಳ ತಲೆಯಲ್ಲಿರುತ್ತಿತ್ತು. ಇಂಥವಳ ಕೈಗೆ ಸಿಕ್ಕಿ ಉಳಿದರೆ ನನ್ನ ಆಟ ಎಲ್ಲಿ ಬೇಕಾದರೂ ಉಳಿಯುತ್ತದೆ ಎಂದು ಶನಿವಾರ ಮಧ್ಯಾಹ್ನ ಚೀಲ ಹಿಡಿದು ಮೂಡಲಪಾಳ್ಯಕ್ಕೆ ಹೋದೆ. ಅವಳು ಮೋಟಾರ್ ನಿಲ್ಲಿಸುವುದನ್ನು ಮರೆತಳು. ನಾನು ನೀರು ಎತ್ತಿಕೊಂಡೆ. "ಅಯ್ಯೋ, ಮರೆತೇಬಿಟ್ಟೆ ನೋಡು" ಅಂದಳು. ಮುಂದಿನ ಸರದಿಯಲ್ಲೂ ಮರೆತಳು. ಆಮೇಲೆಯೂ.

ಭಾನುವಾರದ ಗುಂಪನ್ನು ನಡೆಸುವ ಹುಡುಗಿಗೆ ಇದನ್ನು ಹೇಳಿದೆ. ಈ ವಿದ್ಯೆಯಲ್ಲಿ ಅವಳದು ಪಳಗಿದ ಕೈ. ಅವಳ ಮೊದಲ ಪಾಠವೇ ಇದು.

"ಆಂಟಿ, ಆಡೋರು ಯಾವತ್ತೂ ತಪ್ಪು ಮಾಡಲ್ಲ. ಅವ್ರು ತಪ್ಪು ಮಾಡಿದ್ರೆ ನಮ್ ರೂಲ್ ಸರಿ ಇಲ್ಲ ಅಂತ ಅರ್ಥ. ಅವ್ರನ್ನ ಬೈಕೋಬೇಡಿ, ರೂಲ್‌ನ ಸರಿ ಮಾಡಿ."

ಆ ಮಾತು ಕೇಳಿ ನನಗೆ ಎಂಥ ಹಗುರವಾಯಿತು ಎಂದರೆ, ಅಷ್ಟು ಹೊತ್ತು ಹೆದರಿಕೊಂಡಿದ್ದೆ ಎಂಬುದು ಗೊತ್ತಾದದ್ದೇ ಆಗ. ಆದರೆ ಯಾತಕ್ಕೆ ಹೆದರಿದ್ದೆ ಎಂದು ಕೇಳಿಕೊಳ್ಳಲಿಲ್ಲ. ಸೀದಾ ಮನೆಗೆ ಬಂದು ರೂಲ್ ಸರಿ ಮಾಡಲು ಕೂತೆ.

ಮೋಟಾರಿನ ಕಾಯಿ ಚಿಕ್ಕದಾಯಿತು, ಕಣ್ಣಿಗೆ ಬೀಳುತ್ತಿಲ್ಲ ಎಂದುಕೊಂಡು ಮರದ ದೊಡ್ಡ ತುಂಡಿಗೆ ಕೆಂಪು ಬಣ್ಣ ಬಳಿದೆ. ಅಕ್ಕ ಮರೆತಳು. ಜಾಗ ಸರಿಯಿಲ್ಲ ಎಂದು ಅದನ್ನು ಮನೆಯ ಮೂಲೆಯಿಂದ ಟ್ಯಾಂಕಿನ ಮೇಲಕ್ಕೆ ತಂದೆ. ಮರೆತಳು. ಎಲ್ಲ ಕಾರ್ಡುಗಳ ಮೇಲೆ 'ಮೊದಲು ಮೋಟಾರ್ ನೋಡಿ' ಎಂದು ಅಚ್ಚು ಹಾಕಿಸಿದೆ. ಅವಳು ಅದನ್ನು ಗಟ್ಟಿಯಾಗಿ ಓದಿ, ತಲೆಯಾಡಿಸಿ, ಸ್ನಾನಕ್ಕೆ ನೀರು ಕೊಟ್ಟು, ಮೋಟಾರನ್ನು ಹಾಗೇ ಬಿಟ್ಟಳು.

"ನೋಡಿದ್ಯಾ, ಕಾರ್ಡಿನ ಮೇಲೆ ಅಕ್ಷರ ಜಾಸ್ತಿ ಆಯ್ತು. ಯಾರಿಗಾದ್ರೂ ಗೊಂದಲ ಆಗುತ್ತೆ. ಇದು ನಂದೇ ತಪ್ಪು" ಅಂದೆ.

"ಹೂಂ ಕಣೇ, ಗಿಜಿಗಿಜಿ ಅನ್ಸುತ್ತೆ" ಅಂದಳು ಅಕ್ಕ. ಆಮೇಲೆ ಎದ್ದುಹೋಗಿ ನನಗೆ ಚಕ್ಕುಲಿ ತಂದುಕೊಟ್ಟಳು. ಅವಳ ಮುಖದಲ್ಲಿ ಏನೋ ಬಿಡುಗಡೆಯಾದಂತೆ ಇತ್ತು. ನನ್ನ ಮುಖವೂ ಹಾಗೇ ಇದ್ದಿರಬೇಕು.

ಭಾವ ಒಳಗೆ ಹೊರಗೆ ಓಡಾಡುತ್ತಿದ್ದರೇ ಹೊರತು ಆಟಕ್ಕೆ ಕೂರುತ್ತಿರಲಿಲ್ಲ. ಒಂದು ಶನಿವಾರ ನಾನು ಹೋದಾಗ ಮೆಟ್ಟಿಲ ಕೆಳಗೆ ಎಲೆಕ್ಟ್ರಿಷಿಯನ್ ಏನೋ ಪೆಟ್ಟಿಗೆ ಕೂರಿಸುತ್ತಿದ್ದ.

"ಇದೇನು ಭಾವ?" ಎಂದು ಕೇಳಿದೆ.

"ಟ್ಯಾಂಕ್ ತುಂಬಿದ್ರೆ ಮೋಟಾರು ತಾನಾಗೇ ಆಫ್ ಆಗುತ್ತಮ್ಮ. ಸೆನ್ಸಾರು" ಅಂದರು. "ಎದುರುಮನೆಯವ್ರು ದಿನಾ ಕೂಗ್ತಿದ್ರು, ನೀರು ಸುರೀತಿದೆ, ನೀರು ಸುರೀತಿದೆ ಅಂತ. ಎಷ್ಟು ಸಲ ಅಂತ ಕೇಳೋದು."

ಮೋಟಾರ್ ಮರೆಯದ ಮನೆ ಬೆಂಗಳೂರಿನಲ್ಲಿ ಎಲ್ಲಿದೆ ಹೇಳಿ. ಮರೆಯುತ್ತಾರೆ ಎಂದೇ ತಾನೇ ನಾನು ಅದನ್ನು ಆಟಕ್ಕೆ ತಂದದ್ದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆದರೆ ಒಳಗೆ ಹೋದರೆ ಗ್ಯಾಸಿನ ಒಲೆ ಇದ್ದ ಜಾಗದಲ್ಲಿ ಕರೆಂಟಿನ ಒಲೆ ಬಂದಿತ್ತು, ಹೊತ್ತಾದರೆ ಕುಂಯ್ ಎಂದು ಕೂಗಿ ನಿಂತುಬಿಡುವಂಥದ್ದು. ಅಕ್ಕ ಮೊದಲಿಂದಲೂ ಕರೆಂಟಿನ ಒಲೆಯ ಅಡಿಗೆಗೆ ರುಚಿ ಇಲ್ಲ ಎಂದು ಮೂಗು ಮುರಿಯುತ್ತಿದ್ದವಳು. ನಾನು ಭಾವನ ಮುಖ ನೋಡಿದೆ. ಅವರು ಎಲೆಕ್ಟ್ರಿಷಿಯನ್‌ಗೆ ಏನೋ ಹೇಳಬೇಕು ಎಂದು ಹೊರಗೆ ಹೋದರು. ನಾನು ಚೀಲದಿಂದ ಆಟ ತೆಗೆದು ಹರಡಿದೆ.

ಆ ಅನುಮಾನಕ್ಕೆ ನಾನು ಕಂಡುಕೊಂಡ ಔಷಧ ಆಟವನ್ನು ಇನ್ನಷ್ಟು ತಿದ್ದುವುದು. ಬೇರೆ ಆಟಗಾರರು ನೆನಪಿಸಬಹುದು ಎಂದು ಒಂದು ನಿಯಮ ತಂದೆ. ಆಗ ನಾನು ಪ್ರತಿ ಸರದಿಯಲ್ಲೂ ಮೋಟಾರ್, ಮೋಟಾರ್ ಎಂದು ಅನ್ನುತ್ತ ಕೂರಬೇಕಾಯಿತು. ಅಕ್ಕನಿಗೆ ರೇಗಿತು. ಕೊನೆಗೆ ಮೋಟಾರ್ ನಿಲ್ಲಿಸುವ ನಿಯಮವನ್ನೇ ಕಿತ್ತು ಹಾಕಿದೆ. ಮೋಟಾರ್ ತಾನಾಗೇ ನಿಲ್ಲುತ್ತದೆ, ಮುಗಿಯಿತು. ಆಮೇಲೆ ಸಂಪು ಮತ್ತು ಟ್ಯಾಂಕು ಎರಡೂ ಇದ್ದರೆ ಗೊಂದಲ ಎಂದು ಸಂಪನ್ನು ತೆಗೆದೆ. ಆಟ ಸರಾಗವಾಗಿ ಓಡತೊಡಗಿತು. ಅಕ್ಕ ಗೆದ್ದಳು ಕೂಡ. ಗೆದ್ದಾಗ ಚಪ್ಪಾಳೆ ತಟ್ಟಿ, "ಈಗ ಸರಿಹೋಯ್ತು ನಿನ್ನ ಆಟ" ಅಂದಳು. ನಾನು ಅದನ್ನು ನಂಬಿದೆ. ನಂಬಬೇಕಿತ್ತು ನನಗೆ.

ಗುಂಪಿನಲ್ಲಿ ಒಂದು ಪರೀಕ್ಷೆ ಇದೆ. ಆಟ ಕಟ್ಟಿದವರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ದೂರ ಕೂರಬೇಕು. ಗೊತ್ತಿಲ್ಲದವರು ರೂಲ್‌ಬುಕ್ ಓದಿಕೊಂಡು ತಾವೇ ಆಡಬೇಕು. ಅವರು ಏನೇ ಎಡವಟ್ಟು ಮಾಡಿದರೂ ಕಟ್ಟಿದವರು ತುಟಿ ಬಿಚ್ಚುವಂತಿಲ್ಲ. ಇದರಲ್ಲಿ ಪಾಸಾದರೆ ಗುಂಪಿನವರೇ ಸೇರಿ ಒಂದಷ್ಟು ಪ್ರತಿಗಳನ್ನು ಚೆನ್ನಾಗಿ ಅಚ್ಚು ಹಾಕಿಸುತ್ತಾರೆ. ನನ್ನ ಆಟದ ಭಾನುವಾರ ಬಂದಾಗ ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮೇಜಿಗೆ ಒಬ್ಬ ಗಡ್ಡದ ಹುಡುಗ, ಅವನ ಸ್ನೇಹಿತ, ಮೊದಲ ಸಲ ಬಂದಿದ್ದ ಒಂದು ಜೋಡಿ ಗಂಡ ಹೆಂಡತಿ ಕೂತರು. ನಾನು ಕಿಟಕಿ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಗುಂಪು ನಡೆಸುವ ಹುಡುಗಿ ನನ್ನ ಪಕ್ಕದಲ್ಲಿ.

ಅವರು ಎಲ್ಲಿಯೂ ತಡವರಿಸಲಿಲ್ಲ. ನನಗೆ ಖುಷಿಯಾಗತೊಡಗಿತು. ಆದರೆ ನೋಡನೋಡುತ್ತಿದ್ದಂತೆ ಆಟ ಮುಗಿದೇಹೋಯಿತು. ಯಾರೂ ನಗಲಿಲ್ಲ, ಯಾರೂ ಹಲ್ಲು ಕಚ್ಚಲಿಲ್ಲ. ಗಡ್ಡದವನು ಕಾರ್ಡುಗಳನ್ನು ಜೋಡಿಸಿಡುತ್ತ ಸ್ನೇಹಿತನಿಗೆ, "ಅಷ್ಟೇನಾ ಮಗಾ?" ಎಂದು ಪಿಸುಗುಟ್ಟಿದ. ನನಗೆ ಕೇಳಿಸಿತು.

"ಆಂಟಿ, ಇದು ಚಿಕ್ಕ ಮಕ್ಕಳಿಗಾ?" ಎಂದು ಆ ಹೆಂಡತಿ ಮೆಲ್ಲಗೆ ಕೇಳಿದಳು.

"ಇಲ್ಲಮ್ಮ, ದೊಡ್ಡೋರಿಗೇ."

"ಏನೂ ಮಾಡೋದೇ ಇಲ್ವಲ್ಲ ಇದ್ರಲ್ಲಿ. ಎಲ್ಲಾ ತಾನಾಗೇ ಆಗ್ಬಿಡುತ್ತೆ."

ಗುಂಪಿನ ಹುಡುಗಿ ನನ್ನ ಕಡೆ ತಿರುಗಿದಳು. "ಯಾರ ಜೊತೆ ಟೆಸ್ಟ್ ಮಾಡಿದ್ರಿ ಆಂಟಿ?"

"ನಮ್ಮಕ್ಕನ ಜೊತೆ" ಅಂದೆ. ಯಾರೂ ಏನೂ ಅನ್ನದಿದ್ದರೂ ನನಗೆ ಉರಿದುಹೋಯಿತು. "ಬ್ಯಾಂಕಲ್ಲಿದ್ದೋರು ಅವ್ರು. ಲೆಕ್ಕದಲ್ಲಿ ನಿಮ್ಮನ್ನೆಲ್ಲ ಒಂದು ಕೈ ನೋಡ್ಕೋತಾರೆ."

"ಹಂಗಲ್ಲ ಆಂಟಿ. ನೀವು ಮೊದಲು ಹೇಳ್ತಿದ್ರಲ್ಲ, ಮೋಟಾರ್ ನಿಲ್ಸೋ ರೂಲು. ಅದು ಇದ್ರೆ ಚೆನ್ನಾಗಿರ್ತಿತ್ತು ಅನ್ಸುತ್ತೆ. ಹಳೇದು ಇದೆಯಾ?"

ಇತ್ತು. ನಾನು ಏನನ್ನೂ ಎಸೆಯುವವಳಲ್ಲ. ಮೊದಲ ಆವೃತ್ತಿ, ಅದರ ರೂಲ್‌ಬುಕ್, ಚಿಕ್ಕ ಮೋಟಾರಿನ ಕಾಯಿಗಳು ಎಲ್ಲ ಚೀಲದ ತಳದಲ್ಲೇ ಇದ್ದವು. ಇಲ್ಲ ಎಂದುಬಿಡಬಹುದಿತ್ತು. ತೆಗೆದು ಮೇಜಿನ ಮೇಲಿಟ್ಟೆ.

ಅವರು ಮತ್ತೆ ಆಡಲು ಕೂತರು. ಆಟ ಕಟ್ಟಿದವರು ಯಾರೂ ಬೇಡದ್ದನ್ನು ನಾನು ಬೇಡಿಕೊಂಡೆ. ದೇವರೇ, ಇವರಿಗೆ ಇದು ಅರ್ಥವಾಗದಿರಲಿ. ಎಲ್ಲರೂ ಮರೆಯಲಿ. ನನ್ನ ನಿಯಮ ಕೆಟ್ಟದ್ದು ಎಂದು ಎಲ್ಲರೆದುರು ಸಾಬೀತಾಗಲಿ.

ಗಡ್ಡದವನು ಮೋಟಾರ್ ಹಾಕಿದ. ಅವನ ಸರದಿ ಸುತ್ತಿ ಬಂತು, ಕೈ ಮೊದಲು ಮೋಟಾರಿಗೇ ಹೋಯಿತು. ಸ್ನೇಹಿತನೂ ಹಾಗೇ. ಹೆಂಡತಿಯೂ ಹಾಗೇ. ಆಮೇಲೆ ಗಂಡನ ಸರದಿ. ಅವನು ಸೀದಾ ಕಾರ್ಡಿಗೆ ಕೈ ಹಾಕಿ, ನೆಂಟರಿಗೆ ನೀರು ಕೊಡತೊಡಗಿದ. ಮರೆತಿದ್ದ! ನಾನು ಕುರ್ಚಿಯ ತುದಿಗೆ ಬಂದೆ. ಹೆಂಡತಿ, "ಹೋಯ್ತು ನಿಮ್ಮ ನೀರು!" ಎಂದು ಕಿರುಚಿ ನೀಲಿ ಕಾಯಿಗಳನ್ನೆಲ್ಲ ಬಾಚಿಕೊಂಡಳು. ಮೇಜಿಗೆ ಮೇಜೇ ನಕ್ಕಿತು. ಅವನು ಹಣೆ ಹಣೆ ಬಡಿದುಕೊಂಡ. ನೋಡು, ಎಲ್ಲರೂ ಮರೆಯುತ್ತಾರೆ, ಚಿಕ್ಕ ವಯಸ್ಸಿನವರೂ ಮರೆಯುತ್ತಾರೆ ಎಂದುಕೊಂಡು ನಾನು ಉಸಿರು ಬಿಟ್ಟೆ.

ಆದರೆ ಅವನ ಮುಂದಿನ ಸರದಿ ಬಂದಾಗ ಅವನ ಕೈ ಮೊದಲು ಮೋಟಾರಿಗೆ ಹೋಯಿತು. ಅದರ ಮುಂದಿನ ಸಲವೂ. ಆಟ ಮುಗಿಯುವ ತನಕ ಅವನು ಮತ್ತೆ ಮರೆಯಲಿಲ್ಲ. ಒಮ್ಮೆ ನೀರು ಕಳೆದುಕೊಂಡವನಿಗೆ ಅದು ಸಾಕಾಗಿತ್ತು. ಅಕ್ಕನಿಗೆ ಯಾವತ್ತೂ ಸಾಕಾಗಿರಲಿಲ್ಲ. ಇಷ್ಟು ಶನಿವಾರಗಳಲ್ಲಿ ನಾನು ಒಂದು ಸಲವೂ ಈ ವ್ಯತ್ಯಾಸವನ್ನು ನೋಡಿರಲಿಲ್ಲ. ಕಾಯಿಯ ಬಣ್ಣ ನೋಡಿದ್ದೆ, ಗಾತ್ರ ನೋಡಿದ್ದೆ, ಅಕ್ಷರ ನೋಡಿದ್ದೆ.

"ಆಂಟಿ, ಸಖತ್ತಾಗಿದೆ!" ಎಂದು ಗಡ್ಡದವನು ಎದ್ದು ನಿಂತ. "ಮೋಟಾರ್ ಇರೋದೇ ನಿಜವಾದ ಗೇಮು. ಯಾಕೆ ತೆಗೆದ್ರಿ ಇದನ್ನ?" ಅಕ್ಕಪಕ್ಕದ ಮೇಜಿನವರೂ ಬಂದು ನೋಡಿದರು. ಇದನ್ನೇ ಅಚ್ಚು ಹಾಕಿಸೋಣ ಎಂದು ಗುಂಪಿನ ಹುಡುಗಿ ನನ್ನ ಕೈ ಹಿಡಿದುಕೊಂಡಳು. ನನ್ನ ಕೈ ತಣ್ಣಗಿತ್ತಂತೆ, ಟೀ ತರಿಸಲಾ ಎಂದು ಕೇಳಿದಳು. ಎಲ್ಲರೂ ಹೊಗಳುತ್ತಿದ್ದರು, ನನಗೆ ಆ ಹಾಲ್‌ನಿಂದ ಓಡಿಹೋಗಬೇಕು ಅನ್ನಿಸುತ್ತಿತ್ತು. ಕೆಲಸ ಇದೆ ಎಂದು ಏನೋ ಸುಳ್ಳು ಹೇಳಿ, ಆಟವನ್ನು ಚೀಲಕ್ಕೆ ತುಂಬಿಕೊಂಡು ಕೆಳಗಿಳಿದೆ.

ಮನೆಗೆ ಹೋಗಬೇಕಾದವಳು ಆಟೋದವನಿಗೆ ಮೂಡಲಪಾಳ್ಯ ಅಂದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನಿದ್ದೆ ಸಾಲದಿದ್ದರೆ ಹೀಗಾಗಬಹುದು. ಥೈರಾಯ್ಡ್ ಇದ್ದರೆ ಆಗಬಹುದು. ಯಾವುದೋ ವಿಟಮಿನ್ ಕಡಿಮೆಯಾದರೂ ಆಗುತ್ತದಂತೆ. ನನಗೆ ಬರಬೇಕಾದದ್ದು ಅವಳಿಗೆ ಹೇಗೆ ಬಂದೀತು. ಆಟೋದವನು ಟ್ರಾಫಿಕ್ಕಿಗೆ ಬೈಯುತ್ತಿದ್ದ, ನಾನು ಟ್ರಾಫಿಕ್ ಇನ್ನೂ ಇರಲಿ ಎಂದುಕೊಳ್ಳುತ್ತಿದ್ದೆ.

ಭಾವ ವಾಕಿಂಗ್ ಹೋಗಿದ್ದರು. ಅಕ್ಕ ಸೋಫಾದ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿಸಿದಳು.

"ಏನೇ ಇವತ್ತು ಬಂದೆ? ಪರೀಕ್ಷೆ ಇತ್ತಲ್ವಾ ನಿಂದು? ಏನಂದ್ರು?"

ಅದು ಅವಳಿಗೆ ನೆನಪಿತ್ತು. ಆ ಒಂದು ನೆನಪಿಗೇ ನಾನು ಜೋತುಬಿದ್ದೆ. "ಚೆನ್ನಾಗಿದೆ ಅಂದ್ರು" ಅಂದೆ.

"ಯಾವುದು?"

"ಯಾವುದು ಅಂದ್ರೆ?"

"ಈಗಿಂದಾ, ಮೊದಲಿಂದಾ?"

ಅಕ್ಕ ಹುರುಳಿಕಾಯಿಯ ಮೊರವನ್ನು ಪಕ್ಕಕ್ಕಿಟ್ಟಳು.

"ಮೊದಲಿಂದು" ಅಂದೆ.

"ಮೋಟಾರ್ ನಿಲ್ಲಿಸೋದು."

"ಹೂಂ."

"ಯಾರೂ ಮರೀಲಿಲ್ವಾ?"

"ಒಬ್ಬ ಮರೆತ. ಒಂದು ಸಲ."

"ಆಮೇಲೆ?"

ನಾನು ಸುಳ್ಳು ಹೇಳುವುದರಲ್ಲಿ ಹಿಂದೆ ಬಿದ್ದವಳಲ್ಲ. ಆದರೆ ಅವಳು ನನ್ನನ್ನು ನೋಡುತ್ತಿದ್ದ ರೀತಿಗೆ ಸುಳ್ಳು ಬರಲಿಲ್ಲ. "ಆಮೇಲೆ ಮರೀಲಿಲ್ಲ" ಅಂದೆ.

ಅಕ್ಕ ತಲೆಯಾಡಿಸಿದಳು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, ಯಾವುದೋ ಮನೆಯ ವಿಚಾರ ಹೇಳುವ ಹಾಗೆ ಹೇಳತೊಡಗಿದಳು.

"ಬ್ಯಾಂಕಲ್ಲಿರೋವಾಗ್ಲೇ ಶುರುವಾಗಿತ್ತು ಕಣೇ. ಕೊನೇ ವರ್ಷ ಕೌಂಟರಲ್ಲಿ ಕೂರಕ್ಕೆ ಭಯ. ಎಲ್ಲಾನೂ ಪಕ್ಕದೋಳ ಹತ್ರ ಇನ್ನೊಂದ್ಸಲ ನೋಡಿಸ್ತಿದ್ದೆ. ಮನೇಲಿ ಇವ್ರು ಏನೂ ಅನ್ನಲ್ಲ, ಒಂದೊಂದೇ ಸಾಮಾನು ಬದಲಾಯಿಸ್ತಾರೆ. ನಂಗೆ ಗೊತ್ತಾಗಲ್ಲ ಅನ್ಕೊಂಡಿದಾರೆ."

"ನಂಗ್ಯಾಕೆ ಹೇಳ್ಲಿಲ್ಲ ನೀನು?"

"ನಿಂಗಾ? ನೆಗಡಿ ಆದ್ರೆ ನ್ಯುಮೋನಿಯಾ ಅಂತೀಯ ನೀನು." ನಕ್ಕಳು. ನಗು ಅಲ್ಲಿಗೇ ನಿಂತಿತು. "ಮತ್ತೆ ನಿನ್ನ ಆಟ ಬಂತಲ್ಲ. ನಾನು ತಪ್ಪು ಮಾಡಿದ್ರೆ ನೀನು ಆಟಾನೇ ಬೈತಿದ್ದೆ. ರೂಲ್ ಸರಿ ಇಲ್ಲ, ನಂದೇ ತಪ್ಪು ಅಂತಿದ್ದೆ. ಹೌದೇನೋ, ಇವಳಿಗೆ ಇದೆಲ್ಲ ಗೊತ್ತು, ಇವಳೇ ಹೇಳ್ತಿದಾಳಲ್ಲ ಅಂತ ಸಮಾಧಾನ ಆಗೋದು. ಅದನ್ನೇ ಹಿಡ್ಕೊಂಡು ಮುಂದಿನ ಶನಿವಾರದ ತನಕ ಇರ್ತಿದ್ದೆ ನಾನು."

ನನಗೆ ಅಳು ತಡೆಯಲಾಗಲಿಲ್ಲ. ಚಿಕ್ಕವಳ ಹಾಗೆ ಬಿಕ್ಕಿಬಿಕ್ಕಿ ಅತ್ತೆ. ಅಕ್ಕ ಎದ್ದು ಬರಲಿಲ್ಲ.

"ಅಳ್ಬೇಡ ಕಣೇ" ಅಂದಳು. "ನೀನು ಅತ್ರೆ ನಾನು ಸಮಾಧಾನ ಮಾಡ್ಬೇಕು. ಇವತ್ತು ನನ್ ಕೈಲಿ ಆಗಲ್ಲ."

ಅವಳ ಬಾಯಿಂದ ಅಂಥ ಮಾತು ನಾನು ಯಾವತ್ತೂ ಕೇಳಿರಲಿಲ್ಲ. ಅಳು ತಾನಾಗಿ ನಿಂತಿತು. ಎದ್ದು ಮುಖ ತೊಳೆದು ಬಂದೆ. ಬಂದಾಗ ಅವಳು ಟೀಪಾಯಿಯ ಮೇಲಿದ್ದ ಪೇಪರುಗಳನ್ನೆಲ್ಲ ತೆಗೆದು ಜಾಗ ಮಾಡಿದ್ದಳು.

"ಆ ಮೊದಲಿನ ಆಟ ತೆಗಿ. ಇಬ್ರೂ ಆಡೋಣ."

"ಈಗ ಬೇಡ ಅಕ್ಕ."

"ಬೇಕು. ಡಾಕ್ಟ್ರು ನೋಡೋಕೆ ಮುಂಚೆ ನಾನೇ ಒಂದ್ಸಲ ನೋಡ್ಕೋಬೇಕು. ನೀನು ಹೇಳ್ಕೊಡ್ಬಾರ್ದು, ಸನ್ನೆ ಮಾಡ್ಬಾರ್ದು, ಬೇಕಂತ ಸೋಲ್ಬಾರ್ದು. ಸರಿಯಾಗಿ ಆಡು ನನ್ ಜೊತೆ."

ಬೋರ್ಡ್ ಹರಡಿದೆ. ಅವಳು ರೂಲ್‌ಬುಕ್ಕನ್ನು ಮೊದಲಿಂದ ಕೊನೆಯವರೆಗೆ ಓದಿದಳು, ಮೋಟಾರಿನ ನಿಯಮವನ್ನು ಎರಡು ಸಲ. ಆಟ ಶುರುವಾಯಿತು. ಅವಳು ಸಂಪ್ ತುಂಬಿಸಿಕೊಂಡಳು, ಮೋಟಾರ್ ಹಾಕಿದಳು. ನನ್ನ ಸರದಿ ಮುಗಿಯಿತು. ಅವಳು ಕಾರ್ಡು ಎತ್ತಿ, ಬಟ್ಟೆ ಒಗೆಯಲು ನೀರು ಕೊಟ್ಟಳು. ಮೋಟಾರಿನ ಕಾಯಿ ಅವಳ ಬೆರಳಿನ ಪಕ್ಕದಲ್ಲೇ ಇತ್ತು. ನಾನು ಹಲ್ಲು ಕಚ್ಚಿ ಕೂತೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡ ಮೇಲೆ ನಾನು ಕೈ ಚಾಚಿ ಅವಳ ಟ್ಯಾಂಕಿನ ನೀಲಿ ಕಾಯಿಗಳನ್ನು ನನ್ನ ಮನೆಗೆ ಎತ್ತಿಕೊಂಡೆ. ಇಷ್ಟು ವರ್ಷಗಳಲ್ಲಿ ಅಕ್ಕನಿಂದ ಏನನ್ನು ತೆಗೆದುಕೊಳ್ಳುವಾಗಲೂ ನನಗೆ ಅಷ್ಟು ಕಷ್ಟವಾಗಿರಲಿಲ್ಲ.

"ಓ" ಅಂದಳು ಅಕ್ಕ. ಬರಿದಾದ ಟ್ಯಾಂಕನ್ನು ನೋಡಿದಳು. "ಆಡು, ಆಡು. ನಿಲ್ಲಿಸ್ಬೇಡ."

ಮುಂದಿನ ಸಲ ಅವಳಿಗೆ ನೆನಪಾಯಿತು. ಮೋಟಾರನ್ನು ಟಪ್ಪನೆ ತಿರುಗಿಸಿಟ್ಟು, ಚೌಕಾಬಾರದಲ್ಲಿ ನನ್ನ ಕಾಯಿ ಕಡಿದಾಗ ನೋಡುತ್ತಿದ್ದಳಲ್ಲ, ಹಾಗೇ ನನ್ನ ಕಡೆ ನೋಡಿದಳು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಅದರ ಮುಂದಿನ ಸಲ ಮರೆತಳು. ಮತ್ತೆ ಮರೆತಳು. ಪ್ರತಿ ಸಲವೂ ನಾನು ಕೈ ಚಾಚಿದೆ, ಪ್ರತಿ ಸಲವೂ ಅವಳು ಕೊಟ್ಟಳು. ಹೊರಗೆ ತರಕಾರಿ ಗಾಡಿಯವನು ಟೊಮೇಟೊ ಕೂಗಿಕೊಂಡು ಹೋದ.

"ನಾಳೆ ಡಾಕ್ಟ್ರಿಗೆ ಫೋನ್ ಮಾಡು" ಎಂದಳು ಬೋರ್ಡಿನಿಂದ ಕಣ್ಣು ತೆಗೆಯದೆ. "ಇವ್ರಿಗೆ ನಾನೇ ಹೇಳ್ತೀನಿ. ನೀನು ಹೇಳೋಕೆ ಹೋಗ್ಬೇಡ, ಇಬ್ರೂ ಸೇರಿ ಹೆದರ್ಕೋತೀರ."

ಆಯಿತು ಎಂದೆ. ನನ್ನ ಕಾರ್ಡಿನ ಲೆಕ್ಕ ಮುಗಿಸಿ ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳು ಕಾಯುತ್ತ ಕೂತಳು. ನಾನೂ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಕಾರ್ಡಿನ ಕಟ್ಟನ್ನು ನನ್ನ ಕಡೆಗೆ ತಳ್ಳಿದಳು.

"ಏನು ಯೋಚನೆ ಮಾಡ್ತಾ ಕೂತೆ? ಆಡು. ನಿನ್ನ ಸರದಿ."

ನಾನು ಕಟ್ಟನ್ನು ಅವಳ ಕಡೆಗೆ ವಾಪಸ್ ತಳ್ಳಿದೆ.

"ನಂದು ಆಯ್ತು ಅಕ್ಕ" ಅಂದೆ. "ಈಗ ನಿಂದು."